ಅರ್ಧಕ್ಕೆ ಬಿಟ್ಟ ಆಟ

ಮಕ್ಕಳೇ, ಮೊನ್ನೆ ಚಿನ್ನಿದಾಂಡು ಆಡುತ್ತಿದ್ದ ನಮ್ಮ ಮೊಮ್ಮಗ ದಾಂಡು ಎಸೆದು ಬಂದ. "ತಾತ, ಗಾಳಿ ಚಿನ್ನಿಯನ್ನ ಎಲ್ಲೆಲ್ಲಿಗೋ ಒಯ್ಯುತ್ತೆ. ನಾನಿನ್ನು ಆಡಲ್ಲ!" ನಮ್ಮ ಹಿರಿಯೂರಿನ ಆಷಾಢದ ಗಾಳಿ ಗೊತ್ತಲ್ಲ! ಅವನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಈ ಕಥೆ ಹೇಳಿದೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಕಡಲ ದಂಡೆಯ ಊರು. ಅಲ್ಲಿ ಕಡಲಿಗೂ ಊರಿಗೂ ನಡುವಿನ ಮರಳು ನೆಲದಲ್ಲಿ ನೂರಾರು ವರ್ಷಗಳಿಂದ ಗಾಲ್ಫ್ ಆಡುತ್ತಾರೆ. ಇಂಥ ಮೈದಾನಕ್ಕೆ 'ಲಿಂಕ್ಸ್' ಎಂದು ಹೆಸರು. ಗಾಳಿಗೆ ಅಡ್ಡವಾಗಿ ಮರಗಳಿಲ್ಲ. ಚೆಂಡು ನುಂಗಲು ಆಳವಾದ ಮರಳುಗುಂಡಿಗಳು ಬೇರೆ!

1921ರಲ್ಲಿ ಅಮೆರಿಕದ ಬಾಬಿ ಜೋನ್ಸ್ ಎಂಬ 19 ವರ್ಷದ ಹುಡುಗ ಅಲ್ಲಿಗೆ ಓಪನ್ ಪಂದ್ಯ ಆಡಲು ಬಂದ. 11ನೇ ಕುಳಿಯ ಹತ್ತಿರ ಚೆಂಡು ಮರಳುಗುಂಡಿಗೆ ಬಿತ್ತು. ಹೊಡೆದ, ಮತ್ತೆ ಹೊಡೆದ. ಚೆಂಡು ಮೇಲೆ ಬರಲೊಲ್ಲದು. ರೇಗಿಹೋಗಿ ಪಂದ್ಯವನ್ನೇ ಬಿಟ್ಟ. ಆಮೇಲೆ ಅದಕ್ಕಾಗಿ ಬಹಳ ನಾಚಿಕೊಂಡ.

ಆದರೆ 1927ರಲ್ಲಿ ಅದೇ ಮೈದಾನಕ್ಕೆ ಮತ್ತೆ ಬಂದ, ಅದೇ ಪಂದ್ಯ ಗೆದ್ದ! 1958ರಲ್ಲಿ ಆ ಊರಿನವರು ಜೋನ್ಸರನ್ನು ಕರೆದು ತಮ್ಮೂರಿನ ಗೌರವ ಪೌರನನ್ನಾಗಿ ಮಾಡಿಕೊಂಡರು. ಅಷ್ಟೊತ್ತಿಗೆ ಕಾಯಿಲೆಯಿಂದ ಅವರಿಗೆ ನಡೆಯುವುದೇ ಕಷ್ಟವಾಗಿತ್ತು.

"ಎರಡನೇ ಸಲ ಗಾಳಿ ಕಡಿಮೆ ಇತ್ತಾ ತಾತ?"

"ಕಡಲ ಗಾಳಿ ಯಾರಿಗಾಗಿ ನಿಲ್ಲುತ್ತಪ್ಪ? ಕಲಿತದ್ದು ಅವನು."

ಮೊಮ್ಮಗ ದಾಂಡು ಹುಡುಕಿಕೊಂಡು ಹೊರಟ.

ಅಜ್ಜ-ಅಜ್ಜಿಯರೇ, ನೀವೂ ಅರ್ಧಕ್ಕೆ ಬಿಟ್ಟು ಮತ್ತೆ ಕೈಹಿಡಿದ ಕೆಲಸ ಯಾವುದಾದರೂ ಇದೆಯೇ? ಇವತ್ತು ರಾತ್ರಿ ಊಟ ಆದಮೇಲೆ ಮೊಮ್ಮಕ್ಕಳಿಗೆ ಹೇಳಿ.