ತಾರೀಖಿನ ಜಗಳ ಬಿಡಿ, ಲೂಕನ ಖಾನೇಷುಮಾರಿ ಓದಿ

ಡಿಸೆಂಬರ್ ಬಂದ್ರೆ ಸಾಕು, ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ಹಿಡ್ಕೊಂಡು ಎರಡು ಗುಂಪಿನವರು ಜಗಳಕ್ಕೆ ನಿಲ್ತಾರೆ. ಒಂದು ಗುಂಪು, 'ಬೈಬಲ್ಲಿನಲ್ಲಿ ತಪ್ಪಿರೋಕೆ ಸಾಧ್ಯವೇ ಇಲ್ಲ' ಅನ್ನೋರದು. ಇನ್ನೊಂದು, 'ಶುರುವಿನಲ್ಲೇ ಇಸವಿ ತಪ್ಪು, ಮುಂದೆ ಓದೋದ್ಯಾಕೆ' ಅನ್ನೋರದು. ನನ್ನ ತಕರಾರು ಇಬ್ಬರ ಮೇಲೂ ಇದೆ. ಮೊದಲನೆಯವರ ಮೇಲೆ ತುಸು ಜಾಸ್ತಿ.

ಗೊತ್ತಿಲ್ಲದವರಿಗೆ ಜಗಳದ ಮೂಲ ಹೇಳಿಬಿಡ್ತೀನಿ. ರಾಜ್ಯದವರೆಲ್ಲ ಹೆಸರು ಬರೆಸಿಕೊಳ್ಳಬೇಕು ಅಂತ ಚಕ್ರವರ್ತಿ ಔಗುಸ್ತನ ಆಜ್ಞೆ ಹೊರಟಿತು, ಆಗ ಸಿರಿಯಾದ ಅಧಿಪತಿ ಕುರೇನ್ಯ, ಅದಕ್ಕೇ ಯೋಸೇಫ ಬಸುರಿ ಮರಿಯಳನ್ನು ಕರ್ಕೊಂಡು ನಜರೇತಿನಿಂದ ಬೇತ್ಲೆಹೇಮಿಗೆ ಹೋದ. ಇದು ಲೂಕ ಹೇಳೋ ಕಥೆ. ಆದರೆ ಹಿಂದಿನ ಅಧ್ಯಾಯದಲ್ಲಿ ಅವನೇ ಕಥೆಯನ್ನು ಹೆರೋದ ರಾಜನ ಕಾಲದಲ್ಲಿ ಶುರುಮಾಡಿದ್ದಾನೆ. ಮತ್ತಾಯನೂ ಯೇಸು ಹುಟ್ಟಿದಾಗ ಹೆರೋದ ಬದುಕಿದ್ದ ಅಂತಾನೆ. ಬಹುಪಾಲು ಇತಿಹಾಸಕಾರರ ಲೆಕ್ಕದಲ್ಲಿ ಹೆರೋದ ಸತ್ತಿದ್ದು ಕ್ರಿ.ಪೂ. 4ರಲ್ಲಿ. ಕುರೇನ್ಯ ಗಣತಿ ನಡೆಸೋಕೆ ಬಂದಿದ್ದು ಕ್ರಿ.ಶ. 6ರಲ್ಲಿ. ಮಧ್ಯೆ ಸುಮಾರು ಹತ್ತು ವರ್ಷದ ಕಂದಕ.

ಈ ಕಂದಕ ಮುಚ್ಚೋಕೆ ನಡೆದಿರೋ ಕಸರತ್ತು ನೋಡಬೇಕು ನೀವು! 'ಮೊದಲನೆಯ' ಅನ್ನೋ ಅರ್ಥದ ಗ್ರೀಕ್ ಪದವನ್ನು ಹಿಂಡಿ ಹಿಂಡಿ 'ಕುರೇನ್ಯನಿಗೂ ಮುಂಚಿನ' ಅಂತ ಮಾಡ್ತಾರೆ. ಇನ್ನು ಕೆಲವರು ಕುರೇನ್ಯ ಎರಡು ಸಲ ಅಧಿಪತಿ ಆಗಿದ್ದ ಅಂತಾರೆ. ಸಾಕ್ಷಿ ಏನಪ್ಪಾ ಅಂದ್ರೆ, ರೋಮಿನ ಹತ್ತಿರ ತಿವೋಲಿಯಲ್ಲಿ 1764ರಲ್ಲಿ ಸಿಕ್ಕ ಒಂದು ಮುರುಕು ಶಾಸನ. ಅದರಲ್ಲಿ ಸಿರಿಯಾದ ಹೆಸರಿದೆ, 'ಎರಡನೇ ಸಲ' ಅನ್ನೋ ಮಾತಿದೆ. ಅಧಿಕಾರಿಯ ಹೆಸರೇ ಇಲ್ಲ! ಹೆಸರಿಲ್ಲದ ಕಲ್ಲಿಗೆ ಕುರೇನ್ಯನ ಹೆಸರು ಅಂಟಿಸಿ ಅದನ್ನೇ ಪುರಾವೆ ಅನ್ನೋದು ಯಾವ ನ್ಯಾಯ ಸ್ವಾಮಿ?

ಹೋಗ್ಲಿ, ತಾರೀಖು ಹೇಗೋ ಹೊಂದಿಸಿದಿರಿ ಅಂತಿಟ್ಟುಕೊಳ್ಳಿ. ಔಗುಸ್ತ ತನ್ನ ಸಾಧನೆಗಳ ಪಟ್ಟಿಯನ್ನು ತಾನೇ ಬರೆಸಿಟ್ಟು ಹೋಗಿದ್ದಾನೆ. ಅದರ ಪ್ರತಿ ಇವತ್ತಿಗೂ ಅಂಕಾರಾದ ಒಂದು ದೇವಸ್ಥಾನದ ಗೋಡೆ ಮೇಲಿದೆ. ಕ್ರಿ.ಪೂ. 28, ಕ್ರಿ.ಪೂ. 8, ಕ್ರಿ.ಶ. 14, ಹೀಗೆ ಮೂರು ಗಣತಿ. ಮೂರೂ ರೋಮನ್ ಪೌರರ ಗಣತಿ. ನಜರೇತಿನ ಬಡಗಿ ಅದರ ಲೆಕ್ಕಕ್ಕೆ ಬರೋದೇ ಇಲ್ಲ. ಇನ್ನು ಕ್ರಿ.ಶ. 6ರ ಗಣತಿ ಯೂದಾಯ ಪ್ರಾಂತ್ಯದ್ದು. ಗಲಿಲಾಯ ಆಗ ಹೆರೋದನ ಮಗ ಅಂತಿಪನ ಕೈಯಲ್ಲಿತ್ತು. ಸಾವಿರ ವರ್ಷದ ಹಿಂದಿನ ದಾವೀದ ಹುಟ್ಟಿದ ಊರಿಗೆ ಹೋಗಿ ತೆರಿಗೆ ಪಟ್ಟಿಗೆ ಹೆಸರು ಬರೆಸು ಅಂತ ರೋಮ್ ಯಾಕೆ ಹೇಳುತ್ತೆ? ಅದಕ್ಕೆ ಬೇಕಿದ್ದಿದ್ದು ಇವತ್ತು ಯಾರು ಎಲ್ಲಿದ್ದಾನೆ, ಎಷ್ಟು ಜಮೀನಿದೆ ಅನ್ನೋದು. ಈಜಿಪ್ಟಿನ ಅಧಿಪತಿ ಕ್ರಿ.ಶ. 104ರಲ್ಲಿ ಹೊರಡಿಸಿದ ಆದೇಶವೊಂದು ಪಪೈರಸ್ ಮೇಲೆ ಸಿಕ್ಕಿದೆ, ಊರು ಬಿಟ್ಟವರೆಲ್ಲ ತಮ್ಮ ಊರಿಗೆ ವಾಪಸ್ ಹೋಗಿ ಅಂತ. ಲೂಕನ ವಕೀಲರು ಇದನ್ನ ಕುಣಿದಾಡಿಕೊಂಡು ತೋರಿಸ್ತಾರೆ. ಆದರೆ ಅದು ಅವರವರ ಸ್ವಂತ ಮನೆಗೆ ಹೋಗಿ ಅನ್ನೋದು, ಮೂಲಪುರುಷನ ಊರಿಗಲ್ಲ.

ಲೂಕ ಇಸವಿ ತಪ್ಪಿದ್ದಾನೆ. ಒಪ್ಪಿಕೊಂಡುಬಿಡಿ. ಅವನಿಗೆ ಇಸವಿ ಅಂದ್ರೆ ಅಷ್ಟಕ್ಕಷ್ಟೇ. ಅಪೊಸ್ತಲರ ಕೃತ್ಯಗಳ ಪುಸ್ತಕವನ್ನು ಬರೆದವನೂ ಅವನೇ. ಅಲ್ಲಿ ಥೈದ ಅನ್ನೋ ದಂಗೆಕೋರನನ್ನು ಗಲಿಲಾಯದ ಯೂದನಿಗಿಂತ ಮುಂಚಿನವನು ಮಾಡಿದ್ದಾನೆ. ಜೋಸಿಫಸ್ ಹೇಳೋ ಥೈದ ಬಂದಿದ್ದು ಯೂದನಾಗಿ ಸುಮಾರು ನಲವತ್ತು ವರ್ಷದ ಮೇಲೆ.

ಈಗ ಎರಡನೇ ಗುಂಪಿನ ಕಡೆ ತಿರುಗ್ತೀನಿ. ತಪ್ಪು ಸಿಕ್ಕಿತು ಅಂತ ಪುಸ್ತಕ ಮುಚ್ಚಿದಿರಲ್ಲ, ಆ ಗಣತಿ ಅಂದ್ರೆ ಏನು ಅಂತ ಕೇಳಿದಿರಾ? ಹಳೇ ಕನ್ನಡ ಬೈಬಲ್ಲಿನಲ್ಲಿ ಇಲ್ಲಿ 'ಖಾನೇಷುಮಾರಿ' ಅನ್ನೋ ಪದ ಇದೆ. ಪಾರಸಿಯಿಂದ ಬಂದ ಪದ, ಮನೆಗಳ ಎಣಿಕೆ ಅಂತ ಅರ್ಥ. ಈಜಿಪ್ಟಿನ ಆ ಪಪೈರಸ್ಸಿನಲ್ಲೂ ಗ್ರೀಕಿನಲ್ಲಿ 'ಮನೆಮನೆಯ ದಾಖಲಾತಿ' ಅಂತಲೇ ಇದೆ. ನಮಗೆ ಜನಗಣತಿ ಅಂದ ತಕ್ಷಣ ಕೈಯಲ್ಲಿ ಫಾರಂ ಹಿಡಿದು ಬರೋ ಮೇಷ್ಟ್ರು ನೆನಪಾಗ್ತಾರೆ. ರೋಮಿನ ಗಣತಿ ಹಾಗಲ್ಲ. ಅದು ಕಂದಾಯದ ಕಡತ. ನೆಲಕ್ಕೆ ಒಂದು ತೆರಿಗೆ, ತಲೆಗೆ ಇನ್ನೊಂದು. ಮುಂದಿನ ಕಾಲದ ಕಾನೂನು ಪಂಡಿತ ಉಲ್ಪಿಯನ್ ಬರೆದ ಪ್ರಕಾರ ಸಿರಿಯಾದಲ್ಲಿ ಗಂಡಸರು 14ರಿಂದ 65 ವಯಸ್ಸಿನವರೆಗೆ, ಹೆಂಗಸರು 12ರಿಂದ 65ರವರೆಗೆ ತಲೆಗಂದಾಯ ಕಟ್ಟಬೇಕಿತ್ತು. ಹೆಂಗಸರಿಗೆ ಎರಡು ವರ್ಷ ಮುಂಚೆ! ಕುರೇನ್ಯನ ಕೈಕೆಳಗಿನ ಒಬ್ಬ ಸೇನಾಧಿಕಾರಿಯ ಸಮಾಧಿಗಲ್ಲಿನಲ್ಲಿ ತಾನು ಸಿರಿಯಾದ ಅಪಮೇಯ ಪಟ್ಟಣದಲ್ಲಿ 1,17,000 ಪೌರರನ್ನು ಎಣಿಸಿದೆ ಅಂತ ಕೆತ್ತಿಸಿದ್ದಾರೆ. ಸಾಯೋವಾಗಲೂ ಹೇಳಿಕೊಳ್ಳೋ ಹೆಮ್ಮೆ ಅದು. ಎಣಿಸಿಕೊಂಡವರಿಗೆ ಹೇಗಿತ್ತೋ? ಕ್ರಿ.ಶ. 36ರಲ್ಲಿ ಕಿಲಿಕ್ಯದ ಕ್ಲೀತೈ ಅನ್ನೋ ಬುಡಕಟ್ಟಿನವರಿಗೆ ರೋಮನ್ ಪದ್ಧತಿಯ ಗಣತಿ ಹೇರಿದಾಗ ಅವರು ಮನೆಮಠ ಬಿಟ್ಟು ಬೆಟ್ಟ ಹತ್ತಿ ಯುದ್ಧಕ್ಕೆ ನಿಂತರು ಅಂತ ತಾಸಿತಸ್ ಬರೀತಾನೆ. ಮುನ್ನೂರು ವರ್ಷದ ಮೇಲೆ ಗಲೇರಿಯಸ್ ಕಾಲದ ಗಣತಿ ಬಗ್ಗೆ ಲಕ್ತಾಂತಿಯಸ್ ಬರೆದಿದ್ದು ಓದಿದ್ರೆ ಮೈ ಜುಂ ಅನ್ನುತ್ತೆ. ಆಸ್ತಿ ಬಾಯಿಬಿಡಿಸೋಕೆ ಚಿತ್ರಹಿಂಸೆ, ಅಪ್ಪನ ವಿರುದ್ಧ ಮಗನ ಸಾಕ್ಷಿ, ಮಕ್ಕಳಿಗೆ ವಯಸ್ಸು ಕೂಡಿಸೋದು, ಮುದುಕರಿಗೆ ವಯಸ್ಸು ಇಳಿಸೋದು.

ಯೂದಾಯದಲ್ಲೂ ಹಾಗೇ ಆಯ್ತು. ಹೆರೋದನ ಇನ್ನೊಬ್ಬ ಮಗ ಅರ್ಖೆಲಾಯನನ್ನು ಔಗುಸ್ತ ಗಾಲ್ ಪ್ರಾಂತ್ಯಕ್ಕೆ ಗಡೀಪಾರು ಮಾಡಿ, ನಾಡನ್ನು ನೇರವಾಗಿ ರೋಮಿಗೆ ಸೇರಿಸಿಕೊಂಡ. ಹಿಂದೆಯೇ ಕುರೇನ್ಯ ಬಂದ, ಆಸ್ತಿಪಾಸ್ತಿ ಪಟ್ಟಿ ಮಾಡೋಕೆ. ಮಹಾಯಾಜಕ ಯೋವಾಜಾರ 'ಸುಮ್ನೆ ಬರೆಸಿಬಿಡ್ರಪ್ಪಾ' ಅಂತ ಜನರನ್ನು ಒಪ್ಪಿಸಿದ. ಒಪ್ಪದೇ ಇದ್ದವನು ಯೂದ. ಗಣತಿ ಅಂದ್ರೆ ಗುಲಾಮಗಿರಿ, ದೇವರೊಬ್ಬನೇ ನಮ್ಮ ಒಡೆಯ ಅಂತ ಅವನು ದಂಗೆ ಎಬ್ಬಿಸಿದ. ಅವನ ಇಬ್ಬರು ಮಕ್ಕಳಾದ ಯಾಕೋಬ, ಸೀಮೋನರನ್ನು ಸುಮಾರು ನಲವತ್ತು ವರ್ಷದ ನಂತರ ಇನ್ನೊಬ್ಬ ರೋಮನ್ ಅಧಿಕಾರಿ ಶಿಲುಬೆಗೇರಿಸಿದ. ಇಷ್ಟನ್ನೂ ಹೇಳೋನು ಜೋಸಿಫಸ್. ಅವನಿಗೆ ಯೂದನನ್ನ ಕಂಡರೆ ಆಗ್ತಿರಲಿಲ್ಲ ಅನ್ನೋದನ್ನೂ ನೆನಪಿಡಿ.

ಈ ದಂಗೆ ಲೂಕನಿಗೆ ಗೊತ್ತಿರಲಿಲ್ವಾ? ಚೆನ್ನಾಗಿ ಗೊತ್ತಿತ್ತು. ಕೃತ್ಯಗಳ ಐದನೇ ಅಧ್ಯಾಯದಲ್ಲಿ ಗಮಲಿಯೇಲನ ಬಾಯಲ್ಲಿ 'ಆ ಖಾನೇಷುಮಾರಿಯ ದಿನಗಳಲ್ಲಿ' ಎದ್ದ ಯೂದನ ಮಾತು ಬರುತ್ತೆ. ಯಾವ ಖಾನೇಷುಮಾರಿ ಅಂತ ಬಿಡಿಸಿ ಹೇಳೋದೇ ಇಲ್ಲ, ಎಲ್ಲರಿಗೂ ಗೊತ್ತು ಅನ್ನೋ ಧಾಟಿ. ಆ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರೋದು ಎರಡೇ ಕಡೆ. ಒಂದು ಇಲ್ಲಿ, ಇನ್ನೊಂದು ಯೇಸುವಿನ ಹುಟ್ಟಿನಲ್ಲಿ. ಹಾಗಿದ್ದ ಮೇಲೆ ಯೇಸುವನ್ನು ಬೇತ್ಲೆಹೇಮಿಗೆ ತರೋಕೆ ಒಂದು ನೆಪ ಬೇಕಿತ್ತು, ಗಣತಿ ಸಿಕ್ಕಿತು ಅಂತ ಹೇಳಿ ಕೈತೊಳೆದುಕೊಳ್ಳೋಕೆ ಆಗಲ್ಲ. ಮತ್ತಾಯ ಯಾವ ಗಣತಿಯೂ ಇಲ್ಲದೆ ಯೇಸುವನ್ನು ಅಲ್ಲಿ ಹುಟ್ಟಿಸಿದ್ದಾನೆ. ಲೂಕ ಎಲ್ಲ ಬಿಟ್ಟು ರಕ್ತ ಹರಿದ ಗಣತಿಯನ್ನೇ ಆರಿಸಿಕೊಂಡ.

ದಾವೀದನ ಊರು ಅಂತ ಒತ್ತಿ ಹೇಳ್ತಾನಲ್ಲ, ಅದನ್ನೂ ಗಮನಿಸಿ. ಎರಡನೇ ಸಮುವೇಲದ 24ನೇ ಅಧ್ಯಾಯದಲ್ಲಿ ದಾವೀದನೂ ಜನರನ್ನು ಎಣಿಸಿದ. ಸೇನಾಪತಿ ಯೋವಾಬನೇ ಬೇಡ ಅಂದಿದ್ದ. ಎಣಿಕೆ ಮುಗಿದ ಮೇಲೆ ಬಂದ ವ್ಯಾಧಿಗೆ 70,000 ಜನ ಸತ್ತರು. ಎಣಿಸೋಕೆ ಪ್ರೇರೇಪಿಸಿದ್ದು ದೇವರ ಕೋಪ ಅಂತ ಅಲ್ಲಿದೆ. ಅದೇ ಕಥೆಯನ್ನು ಮತ್ತೆ ಹೇಳುವ ಪೂರ್ವಕಾಲವೃತ್ತಾಂತದಲ್ಲಿ ಸೈತಾನ ಅಂತಿದೆ. ಜನ ರಾಜನ ಸೊತ್ತಲ್ಲ, ಎಣಿಸೋ ಹಕ್ಕು ಅವನಿಗಿಲ್ಲ ಅನ್ನೋ ದಿಗಿಲು ಆ ಸಂಪ್ರದಾಯದಲ್ಲಿ ಅಷ್ಟು ಆಳವಾಗಿತ್ತು. ಅಂಥ ಕಡೆ ದಾವೀದನ ವಂಶದ ಕೂಸು ಪರದೇಶಿ ಚಕ್ರವರ್ತಿಯ ಪಟ್ಟಿಗೆ ಸೇರೋಕೆ ಹೊರಟ ದಾರಿಯಲ್ಲಿ ಹುಟ್ಟುತ್ತೆ.

ಆಮೇಲೆ ದೇವದೂತ ಕುರುಬರಿಗೆ ಏನು ಹೇಳ್ತಾನೆ? ಶುಭವಾರ್ತೆ, ರಕ್ಷಕ. ಕ್ರಿ.ಪೂ. 9ರಲ್ಲಿ ಏಷ್ಯಾ ಪ್ರಾಂತ್ಯದವರು ಔಗುಸ್ತನ ಹುಟ್ಟುಹಬ್ಬವನ್ನೇ ವರ್ಷದ ಮೊದಲ ದಿನ ಮಾಡಿಕೊಂಡಾಗ ಕೆತ್ತಿಸಿದ ಪ್ರಿಯೇನೆ ಶಾಸನದಲ್ಲಿ ಇವೇ ಮಾತುಗಳಿವೆ. ಅಲ್ಲಿ ರಕ್ಷಕ ಔಗುಸ್ತ. ಅವನು ಹುಟ್ಟಿದ್ದೇ ಲೋಕಕ್ಕೆ ಶುಭವಾರ್ತೆಯ ಆರಂಭ. ಲೂಕ ಚಕ್ರವರ್ತಿಯ ಆಜ್ಞೆಯನ್ನು ಮೊದಲು ಇಟ್ಟು, ನಾಲ್ಕು ಸಾಲು ದಾಟೋದರೊಳಗೆ ಅವನ ಬಿರುದುಗಳನ್ನೆಲ್ಲ ಗೋದಲಿಯಲ್ಲಿ ಮಲಗಿರೋ ಕೂಸಿಗೆ ಕೊಟ್ಟುಬಿಡ್ತಾನೆ. ಇಷ್ಟೆಲ್ಲ ಇರೋ ಜಾಗದಲ್ಲಿ 'ಯೋಸೇಫ ಕಾನೂನು ಪಾಲಿಸೋ ಒಳ್ಳೇ ಪ್ರಜೆ, ನೀವೂ ಹಾಗೇ ಇರಿ' ಅಂತ ಪ್ರಸಂಗ ಮಾಡೋರನ್ನ ಕಂಡರೆ ನನಗೆ ರೇಗುತ್ತೆ. ಹೌದು, ಯೋಸೇಫ ಯೂದನ ಹಾಗೆ ಕತ್ತಿ ಹಿಡೀಲಿಲ್ಲ. ರೋಮನ್ ಓದುಗರ ಕಣ್ಣಿಗೆ ಅದು ಬೀಳಲಿ ಅನ್ನೋ ಹುಷಾರೂ ಲೂಕನಿಗಿತ್ತು ಅಂತಲೇ ನನ್ನ ಅನಿಸಿಕೆ. ಆದರೆ ಹುಷಾರಾಗಿರೋದೇ ಬೇರೆ, ನಿಷ್ಠೆಯೇ ಬೇರೆ.

ಕೊನೆಗೆ ಯೇಸುವನ್ನು ಪಿಲಾತನ ಮುಂದೆ ನಿಲ್ಲಿಸ್ತಾರಲ್ಲ, ಲೂಕನ 23ನೇ ಅಧ್ಯಾಯ, ಅಲ್ಲಿ ಅವನ ಮೇಲೆ ಹೊರಿಸಿದ ಆರೋಪ ನೋಡಿ. ಜನರ ತಲೆ ಕೆಡಿಸ್ತಾನೆ, ಕೈಸರನಿಗೆ ತೆರಿಗೆ ಕೊಡಬೇಡಿ ಅಂತಾನೆ, ತಾನೇ ರಾಜ ಅಂತಾನೆ. ವಿಚಾರಣೆಯ ಹೊತ್ತಿನಲ್ಲಿ ಈ ತೆರಿಗೆಯ ಆರೋಪ ಮತ್ತಾಯ, ಮಾರ್ಕ, ಯೋಹಾನ ಯಾರಲ್ಲೂ ಇಲ್ಲ. ಗಣತಿಯ ಕಥೆಯೂ ಅವರಲ್ಲಿ ಇಲ್ಲ. ಎರಡೂ ಇರೋದು ಲೂಕನಲ್ಲಿ ಮಾತ್ರ.