ನಡೆಯದ ಕಾರನ್ನು ಕೊಳ್ಳಬಹುದೇ?

ಬನಶಂಕರಿಯ ಬಹುಮಹಡಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಧೂಳು ತುಂಬಿದ ಹೊದಿಕೆಯ ಕೆಳಗೆ, ಮಡಿಸುವ ಚಾವಣಿಯ ಕಾರೊಂದು ಮೂರು ವರ್ಷಗಳಿಂದ ನಿಂತಿದೆ. ಯೂರೋಪಿನ ಹೆಸರಾಂತ ಕಾರ್ಖಾನೆಯಲ್ಲಿ ತಯಾರಾದದ್ದು; ಚರ್ಮದ ಆಸನಗಳು, ಗುಂಡಿಯೊತ್ತಿದರೆ ತಾನಾಗಿಯೇ ಮಡಿಸಿಕೊಳ್ಳುವ ಬಟ್ಟೆಯ ಚಾವಣಿ. ಹೊಸದಾಗಿದ್ದಾಗ ಅದನ್ನು ಕೊಳ್ಳಲು ಅರ್ಧ ಕೋಟಿಗೂ ಹೆಚ್ಚು ಹಣ ಬೇಕಾಗಿತ್ತು. ಈಗ ಮಾಲೀಕರು ಕೇಳುತ್ತಿರುವುದು ನಾಲ್ಕು ಲಕ್ಷ ರೂಪಾಯಿ. ಕಾರಣವಿಷ್ಟೆ: ಕಾರು ನಡೆಯುವುದಿಲ್ಲ.

ಜಯನಗರದಲ್ಲಿರುವ ನಮ್ಮ ಸ್ನೇಹಿತರೊಬ್ಬರ ಮಗ ಎಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿ. ಅವನು ಈ ಕಾರನ್ನು ಕಂಡು ಮೋಹಿತನಾಗಿ ನಮ್ಮಲ್ಲಿಗೆ ಬಂದನು. “ಮಾಮ, ಬ್ಯಾಟರಿಯೊಂದನ್ನು ಬದಲಾಯಿಸಿದರೆ ಸಾಕಂತೆ. ಉಳಿದದ್ದನ್ನು ನಾನೇ ಮಾಡಿಕೊಳ್ಳುತ್ತೇನೆ” ಎಂದನು. ಹಣವೆಲ್ಲಿಂದ ಎಂದು ಕೇಳಿದಾಗ, ಅವನ ಮುಂದಿನ ವ್ಯಾಸಂಗಕ್ಕೆಂದು ಅಜ್ಜಿಯು ಬ್ಯಾಂಕಿನಲ್ಲಿ ಇಟ್ಟಿರುವ ಠೇವಣಿಯನ್ನು ಹೆಸರಿಸಿದನು. ಹೀಗೆ ಈ ಪ್ರಶ್ನೆ ಬರಿಯ ಹವ್ಯಾಸದ ಪ್ರಶ್ನೆಯಾಗಿ ಉಳಿಯಲಿಲ್ಲ. ಇಂತಹ ಆಸೆ ನಮ್ಮ ಓದುಗರಲ್ಲಿ ಅನೇಕರಿಗೆ ಇರಬಹುದಾದುದರಿಂದ, ಇದನ್ನು ವಿಜ್ಞಾನದ ದೃಷ್ಟಿಯಿಂದ ವಿಚಾರಮಾಡಿ ನಮ್ಮ ಅಭಿಪ್ರಾಯವನ್ನು ಇಲ್ಲಿ ಮುಂದಿಡುತ್ತೇವೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಯಂತ್ರವು ಓಡಿದರೆ ಮಾತ್ರ ಸವೆಯುತ್ತದೆ, ನಿಂತರೆ ಹಾಗೆಯೇ ಇರುತ್ತದೆ ಎಂದು ಜನರು ನಂಬುತ್ತಾರೆ. ವಾಸ್ತವವಾಗಿ ನಿಂತ ಕಾರಿನೊಳಗೆ ರಸಾಯನ ಕ್ರಿಯೆಗಳು ಹಗಲಿರುಳೂ ನಡೆಯುತ್ತಿರುತ್ತವೆ. ಬ್ಯಾಟರಿಯನ್ನೇ ನೋಡೋಣ. ಇಂದಿನ ಕಾರಿನಲ್ಲಿ ಬೀಗ ಹಾಕಿದ ಮೇಲೂ ಗಡಿಯಾರ, ಕಳ್ಳರ ಎಚ್ಚರಿಕೆಯ ಗಂಟೆ ಮುಂತಾದವು ಅಲ್ಪಸ್ವಲ್ಪ ವಿದ್ಯುತ್ತನ್ನು ಹೀರುತ್ತಲೇ ಇರುತ್ತವೆ. ಇದು 50 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್-ಗಂಟೆ ಖರ್ಚಾಗುತ್ತದೆ; 60 ಆಂಪಿಯರ್-ಗಂಟೆಯ ಬ್ಯಾಟರಿ 50 ದಿನಗಳಲ್ಲಿ ಬರಿದಾಗುತ್ತದೆ. ಬರಿದಾದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳುಗಳಾಗಿ ಕೂಡುತ್ತದೆ. ಆ ಮೇಲೆ ಎಷ್ಟು ವಿದ್ಯುತ್ತನ್ನು ತುಂಬಿದರೂ ಅದು ಹಿಂದಿನ ಶಕ್ತಿಗೆ ಬರುವುದಿಲ್ಲ. ಮೂರು ವರ್ಷ ನಿಂತ ಕಾರಿನ ಬ್ಯಾಟರಿ ಸತ್ತಿರುವುದು ಸಹಜ. ಆದರೆ ಬ್ಯಾಟರಿ ಸತ್ತಿದೆಯೆಂಬುದು ಕಾರು ನಿಂತುದರ ಪರಿಣಾಮವೇ ಹೊರತು, ಅದು ನಿಲ್ಲಲು ಕಾರಣವೆಂದು ಸಿದ್ಧವಾಗುವುದಿಲ್ಲ. ಕಾರ್ಯವನ್ನು ಕಾರಣವೆಂದು ಎಣಿಸುವುದು ತರ್ಕದ ದೋಷ.

ಪೆಟ್ರೋಲಿನ ಗತಿಯೂ ಹೀಗೆಯೇ. ಅದರ ಹಗುರವಾದ ಭಾಗಗಳು ಆವಿಯಾಗಿ ಹೋಗುತ್ತವೆ. ಉಳಿದವುಗಳಲ್ಲಿ ಕೆಲವು ಗಾಳಿಯ ಆಮ್ಲಜನಕದೊಡನೆ ಕೂಡಿ ಅಂಟಾದ ಗೋಂದಾಗುತ್ತವೆ. ಇಂಧನವನ್ನು ಚಿಮುಕಿಸುವ ಅತಿ ಸಣ್ಣ ರಂಧ್ರಗಳು ಕಟ್ಟಿಕೊಳ್ಳಲು ಇಷ್ಟೇ ಸಾಕು. ನಮ್ಮ ದೇಶದಲ್ಲಿ ಈಗ ಪೆಟ್ರೋಲಿಗೆ ನೂರಕ್ಕೆ 20ರ ವರೆಗೆ ಎಥೆನಾಲನ್ನು ಬೆರೆಸುತ್ತಾರೆ. ಎಥೆನಾಲಿಗೆ ನೀರಿನ ಮೇಲೆ ಪ್ರೀತಿ ಹೆಚ್ಚು. ಗಾಳಿಯ ತೇವವನ್ನು ಅದು ಹೀರಿಕೊಂಡು, ಮಿತಿ ಮೀರಿದಾಗ ನೀರಿನೊಡನೆ ಪೆಟ್ರೋಲಿನಿಂದ ಬೇರ್ಪಟ್ಟು ತೊಟ್ಟಿಯ ತಳಕ್ಕೆ ಇಳಿಯುತ್ತದೆ. ಪಂಪು ಹೀರುವುದು ತಳದಿಂದಲೇ ಎಂಬುದನ್ನು ಮರೆಯಬಾರದು.

ಬ್ರೇಕಿನ ದ್ರವವೂ ನೀರನ್ನು ಹೀರುವಂಥದು. ಡಾಟ್ 4 ಎಂಬ ವರ್ಗದ ಹೊಸ ದ್ರವವು ಕನಿಷ್ಠ 230 ಡಿಗ್ರಿ ಸೆಂಟಿಗ್ರೇಡಿನ ವರೆಗೆ ಕುದಿಯಬಾರದು. ನೂರಕ್ಕೆ ಸುಮಾರು 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾದಾಗ ದ್ರವ ಕುದಿದು ಆವಿಯಾದರೆ ಕಾಲಿನ ಒತ್ತಡವು ಆವಿಯನ್ನು ಕುಗ್ಗಿಸುವುದರಲ್ಲೇ ಮುಗಿದು ಗಾಲಿಗಳನ್ನು ಮುಟ್ಟುವುದಿಲ್ಲ. ಎಂಜಿನ್ನು ಸುಲಭವಾಗಿ ಚಾಲೂ ಆಯಿತೆಂದು ಹಿಗ್ಗಿ ರಸ್ತೆಗಿಳಿದವರಿಗೆ ಕಾದಿರುವ ಅಪಾಯವಿದು. ಇವಲ್ಲದೆ ರಬ್ಬರು ಗಡುಸಾಗಿ ಬಿರಿಯುತ್ತದೆ; ಸಿಲಿಂಡರಿನ ಗೋಡೆಗೂ ಪಿಸ್ಟನ್ನಿನ ಉಂಗುರಗಳಿಗೂ ನಡುವೆ ತುಕ್ಕು ಬೆಳೆದು ಎಂಜಿನ್ನು ಹಿಡಿದುಕೊಳ್ಳುತ್ತದೆ; ಇಲಿಗಳು ತಂತಿಗಳ ಹೊದಿಕೆಯನ್ನು ಕಡಿಯುತ್ತವೆ. ನೆಲಮಾಳಿಗೆಯ ಇಲಿಗೆ ಕಾರಿನ ಬೆಲೆ ತಿಳಿಯದು.

ಮಡಿಸುವ ಚಾವಣಿಯ ಕಾರಿಗೆ ಇನ್ನೊಂದು ವಿಶೇಷ ತೊಡಕುಂಟು. ಅದನ್ನು ತಿಳಿಯಲು ಒಂದು ಬೆಂಕಿಪೊಟ್ಟಣ ಸಾಕು. ಹೊರಗಿನ ಕವಚದೊಡನೆ ಪೊಟ್ಟಣವನ್ನು ಎರಡೂ ತುದಿಗಳಲ್ಲಿ ಹಿಡಿದು ತಿರುಚಲು ಯತ್ನಿಸಿರಿ. ಅದು ಬಲವಾಗಿ ಎದುರಿಸುತ್ತದೆ. ಕವಚವನ್ನು ತೆಗೆದು ಒಳಗಿನ ತೆರೆದ ಪೆಟ್ಟಿಗೆಯನ್ನು ಮಾತ್ರ ತಿರುಚಿರಿ, ಸುಲಭವಾಗಿ ಬಳುಕುತ್ತದೆ. ಸಾಮಾನ್ಯ ಕಾರು ಮುಚ್ಚಿದ ಪೊಟ್ಟಣದಂತೆ. ಚಾವಣಿಯೂ ಅದರ ಬಲದ ಒಂದು ಭಾಗ. ಚಾವಣಿಯಿಲ್ಲದ ಕಾರು ತೆರೆದ ಪೆಟ್ಟಿಗೆಯಂತೆ. ಈ ಕೊರತೆಯನ್ನು ತುಂಬಲು ಶಿಲ್ಪಿಗಳು ನೆಲವನ್ನೂ ಬಾಗಿಲುಗಳ ಕೆಳಗಿನ ಉಕ್ಕಿನ ತೊಲೆಗಳನ್ನೂ ಹೆಚ್ಚು ದಪ್ಪವಾಗಿ ರಚಿಸುತ್ತಾರೆ. ಆದಕಾರಣ ಬೇರೆ ಕಾರಿನಲ್ಲಿ ಕುಂದೆನಿಸಬಹುದಾದ ತುಕ್ಕು ಇಲ್ಲಿ ಬೆನ್ನುಮೂಳೆಯ ರೋಗವಾಗುತ್ತದೆ.

ತುಕ್ಕಿಗೆ ಬೇಕಾದ ನೀರಾದರೋ ಚಾವಣಿಯ ಮೂಲಕವೇ ಬರುತ್ತದೆ. ಬಟ್ಟೆಯ ಅಂಚಿನಲ್ಲಿ ಸೇರಿದ ಮಳೆನೀರು ಸಣ್ಣ ಕೊಳವೆಗಳ ಮೂಲಕ ಹೊರಹೋಗುವಂತೆ ಏರ್ಪಾಡಿರುತ್ತದೆ. ಜಯನಗರದಂತಹ ಬಡಾವಣೆಯಲ್ಲಿ ಗುಲ್‌ಮೊಹರ್ ಮರದ ಕೆಳಗೆ ಒಂದು ಮಳೆಗಾಲ ಕಾರನ್ನು ನಿಲ್ಲಿಸಿದರೆ, ಉದುರಿದ ಸಣ್ಣ ಎಲೆಗಳು ಈ ಕೊಳವೆಗಳನ್ನು ಮುಚ್ಚಿಬಿಡುತ್ತವೆ. ಆಗ ನೀರು ಒಳಗಿಳಿದು ನೆಲಹಾಸಿನ ಕೆಳಗೆ ನಿಲ್ಲುತ್ತದೆ. ಆಧುನಿಕ ಕಾರುಗಳಲ್ಲಿ ಆಸನಗಳ ಕೆಳಗೂ ಹಿಂಬದಿಯ ಪೆಟ್ಟಿಗೆಯ ಮೂಲೆಗಳಲ್ಲಿಯೂ ವಿದ್ಯುನ್ಮಾನ ಪೆಟ್ಟಿಗೆಗಳನ್ನು ಇಡುವುದುಂಟು. ತಾಮ್ರದ ಸಂಧಿಗಳು ಹಸಿರುಗಟ್ಟಿ ಇವು ಒಂದೊಂದಾಗಿ ಕೆಡುತ್ತವೆ.

ಬೆಂಗಳೂರಿನಲ್ಲಿ ಈ ಎಚ್ಚರಿಕೆಗೆ ಇನ್ನೂ ಒಂದು ಕಾರಣವಿದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ನಗರದ ಪೂರ್ವಭಾಗದ ಸಿರಿವಂತ ಬಡಾವಣೆಗಳಲ್ಲಿ ಬೆಲೆಬಾಳುವ ಕಾರುಗಳು ಮುಳುಗಿ ನಿಂತುದನ್ನು ದೇಶವೇ ಕಂಡಿತು. 2025ರ ಮೇ ತಿಂಗಳಲ್ಲಿ ಬಿ.ಟಿ.ಎಂ. ಬಡಾವಣೆಯ ನೆಲಮಾಳಿಗೆಗಳಿಗೂ ನೀರು ನುಗ್ಗಿತು. ನೀರನ್ನು ಗಾಳಿಯಂತೆ ಕುಗ್ಗಿಸಲಾಗದು. ಅದು ಸಿಲಿಂಡರಿಗೆ ಹೊಕ್ಕಿರುವಾಗ ಯಾರಾದರೂ ಎಂಜಿನ್ನನ್ನು ತಿರುಗಿಸಿದರೆ ಪಿಸ್ಟನ್ನಿನ ದಂಡವೇ ಬಾಗುತ್ತದೆ. ಮುಳುಗಿದ ಕಾರನ್ನು ತೊಳೆದು ಒಣಗಿಸಿದ ಮೇಲೆ ಅದು ಹೊರನೋಟಕ್ಕೆ ಯಾವ ಕಾರಿನಂತೆಯಾದರೂ ಕಾಣಬಲ್ಲದು.

ಇನ್ನು ಲೆಕ್ಕಕ್ಕೆ ಬರೋಣ. ಹೀಗೆ ನಿಂತ ಹತ್ತು ಕಾರುಗಳಿವೆಯೆಂದು ಊಹಿಸಿರಿ. ಐದರ ದುರಸ್ತಿಗೆ ಒಂದೊಂದು ಲಕ್ಷ, ಮೂರಕ್ಕೆ ನಾಲ್ಕು ನಾಲ್ಕು ಲಕ್ಷ, ಉಳಿದೆರಡಕ್ಕೆ ಹನ್ನೆರಡು ಹನ್ನೆರಡು ಲಕ್ಷ ಬೇಕೆಂದುಕೊಳ್ಳಿರಿ. ಒಟ್ಟು 5, 12, 24 ಲಕ್ಷಗಳು ಸೇರಿ 41 ಲಕ್ಷ, ಸರಾಸರಿ 4.1 ಲಕ್ಷ. ಅರ್ಧದಷ್ಟು ಕಾರುಗಳು ಒಂದೇ ಲಕ್ಷದಲ್ಲಿ ನಡೆಯುವುದು ನಿಜ. ಆದರೂ ಕೊಳ್ಳುವವನು ಮನಸ್ಸಿನಲ್ಲಿಡಬೇಕಾದ ಅಂಕಿ ನಾಲ್ಕು ಲಕ್ಷ. ಕೈಯಲ್ಲಿರಬೇಕಾದ ಅಂಕಿ ಹನ್ನೆರಡು ಲಕ್ಷ. ಅದಲ್ಲದೆ ಯಾವುದಕ್ಕೆ ಎಷ್ಟು ಬೇಕೆಂಬುದು ಮಾರುವವನಿಗೆ ಹೆಚ್ಚು ಗೊತ್ತು. ಒಂದು ಲಕ್ಷದಲ್ಲಿ ಸರಿಹೋಗುವ ಕಾರನ್ನು ಅವನೇ ಸರಿಪಡಿಸಿ ಹೆಚ್ಚು ಬೆಲೆಗೆ ಮಾರಿರುತ್ತಿದ್ದನು. ಹೀಗಾಗಿ ಪೇಟೆಗೆ ಬಂದು ನಿಲ್ಲುವುದು ಕೆಟ್ಟವುಗಳೇ ಹೆಚ್ಚು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫರು 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಈ ತತ್ತ್ವವನ್ನು ವಿವರಿಸಿದರು. 2001ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ದೊರೆಯಿತು.

ಇದರ ವಿರುದ್ಧ ಹೇಳಬಹುದಾದ ಮಾತುಗಳಿಲ್ಲದೆ ಇಲ್ಲ. ಕೆಟ್ಟದ್ದನ್ನೆಲ್ಲ ಗುಜರಿಗೆ ಹಾಕುವುದೇ ನಾಗರಿಕತೆಯೇ ಎಂದು ಕೇಳಬಹುದು. ಒಂದು ಕಾರಿನಲ್ಲಿ ಅಡಗಿರುವ ಉಕ್ಕು, ಅಲ್ಯೂಮಿನಿಯಂ, ಶ್ರಮ ಇವೆಲ್ಲ ಒಮ್ಮೆ ವ್ಯಯವಾದವು. ಅದನ್ನು ಉಳಿಸುವವನು ಸಮಾಜಕ್ಕೆ ಉಪಕಾರಿಯೇ ಸರಿ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ. ಅಲ್ಲದೆ ಕೈಯಿಂದ ಬಿಚ್ಚಿ ಜೋಡಿಸಿ ಕಲಿತ ವಿದ್ಯೆ ಪುಸ್ತಕದಿಂದ ಬಾರದು. 1888ರಲ್ಲಿ ಬೆರ್ತಾ ಬೆನ್ಜ್ ಎಂಬ ಮಹಿಳೆ ತನ್ನ ಪತಿ ನಿರ್ಮಿಸಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳೊಡನೆ ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಸುಮಾರು 100 ಕಿಲೋಮೀಟರು ಹೋದಳು. ದಾರಿಯಲ್ಲಿ ಕಟ್ಟಿಕೊಂಡ ಇಂಧನದ ನಾಳವನ್ನು ಟೋಪಿಯ ಸೂಜಿಯಿಂದ ಬಿಡಿಸಿದಳೆಂದು ಪ್ರಸಿದ್ಧಿ. ಯಂತ್ರಕ್ಕೆ ಹೆದರದ ಅಂತಹ ಕೈಗಳು ನಮ್ಮ ನಾಡಿಗೆ ಬೇಕು.

ಈ ವಾದವನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೆ ಅದು ದುರಸ್ತಿಯ ಪರವಾದ ವಾದವೇ ಹೊರತು, ಈ ಕಾರಿನ ಪರವಾದುದಲ್ಲ. ಬೆರ್ತಾ ಬೆನ್ಜಳ ಗಾಡಿಯಲ್ಲಿ ದೋಷವು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟಕುತ್ತಿತ್ತು. ಇಂದಿನ ವೈಭವದ ಕಾರಿನಲ್ಲಿ ದೋಷವನ್ನು ಹುಡುಕಲು ಕಂಪನಿಯ ಉಪಕರಣ ಬೇಕು. ಹೊಸ ವಿದ್ಯುನ್ಮಾನ ಪೆಟ್ಟಿಗೆಯನ್ನು ಕೂಡಿಸಿದರೆ ಅದಕ್ಕೆ ಕಾರಿನ ಗುರುತನ್ನು ತಿಳಿಸಿಕೊಡಲೂ ಉಪಕರಣ ಬೇಕು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಾಮಾನ್ಯ ಕಾರುಗಳ ಬಿಡಿಭಾಗಗಳು ಹೇರಳವಾಗಿ ಸಿಕ್ಕಾವು. ಅಪರೂಪದ ಚಾವಣಿಯ ಜಲಚಾಲಿತ ಪಂಪು ಸಿಗುವುದು ಸಂದೇಹ. ಕಾರಿನ ಬೆಲೆ ಹತ್ತರಲ್ಲೊಂದಕ್ಕೆ ಇಳಿದರೂ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಅರ್ಧ ಕೋಟಿಯ ಕಾರು ನಾಲ್ಕು ಲಕ್ಷಕ್ಕೆ ಸಿಕ್ಕಿದರೂ ಅದು ಅರ್ಧ ಕೋಟಿಯ ಕಾರಿನಂತೆಯೇ ಉಣ್ಣುತ್ತದೆ.

ಕಾನೂನಿನ ವಿಷಯವನ್ನೂ ಹೇಳಬೇಕು. ಕಾರಿನ ನೋಂದಣಿಯು 15 ವರ್ಷಗಳಿಗೆ ಮುಗಿಯುತ್ತದೆ. ಅದನ್ನು ಮುಂದುವರಿಸಲು ಕಾರನ್ನು ಪರೀಕ್ಷೆಗೆ ಒಪ್ಪಿಸಬೇಕು. 2021ರಲ್ಲಿ ಕೇಂದ್ರ ಸರ್ಕಾರವು ಪ್ರಾಚೀನ ವಾಹನಗಳಿಗೆ ಪ್ರತ್ಯೇಕ ನಿಯಮವನ್ನು ಮಾಡಿತಾದರೂ ಅದು ಅನ್ವಯಿಸುವುದು 50 ವರ್ಷ ದಾಟಿ, ಮೂಲರೂಪದಲ್ಲಿಯೇ ಉಳಿದಿರುವ ವಾಹನಗಳಿಗೆ ಮಾತ್ರ. ಅವನ್ನು ದಿನನಿತ್ಯ ಓಡಿಸುವಂತೆಯೂ ಇಲ್ಲ.

ಹಾಗಾದರೆ ಯಾರೂ ಇಂತಹ ಕಾರನ್ನು ಕೊಳ್ಳಬಾರದೇ? ನಮ್ಮ ಮತದಲ್ಲಿ ಐದು ಪ್ರಶ್ನೆಗಳಿಗೆ ಹೌದೆಂಬ ಉತ್ತರ ಸಿಕ್ಕಿದರೆ ಕೊಳ್ಳಬಹುದು. ಕಿಡಿಯ ಪ್ಲಗ್ಗುಗಳನ್ನು ತೆಗೆದು ಸ್ಪ್ಯಾನರಿನಿಂದ ನಿಧಾನವಾಗಿ ತಿರುಗಿಸಿದರೆ ಎಂಜಿನ್ನು ಸಲೀಸಾಗಿ ತಿರುಗುತ್ತದೆಯೇ? ಬಾಗಿಲುಗಳ ಕೆಳಗಿನ ಉಕ್ಕು ಗಟ್ಟಿಯಾಗಿದ್ದು ನೆಲಹಾಸಿನ ಕೆಳಭಾಗ ಒಣಗಿದೆಯೇ? ದಾಖಲೆಗಳು ಸಾಲ, ವಿಮೆಗಳ ತಕರಾರಿಲ್ಲದೆ ಶುದ್ಧವಾಗಿವೆಯೇ? ಬೆಲೆಯ ಎರಡರಷ್ಟು ಹಣ, ಕಳೆದುಕೊಂಡರೂ ಬಾಳಿಗೆ ಕುಂದಾಗದಂಥದು, ಕೈಯಲ್ಲಿದೆಯೇ? ಇಷ್ಟಾದ ಮೇಲೆ ಕೈಬಿಡುತ್ತೇವೆಂಬ ಮಿತಿಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟಿದ್ದೇವೆಯೇ? ಕೊನೆಯದು ಅತ್ಯಂತ ಮುಖ್ಯ. ಈಗಾಗಲೇ ಸುರಿದ ಹಣವು ಇನ್ನಷ್ಟು ಸುರಿಯಲು ಕಾರಣವಾಗಬಾರದು. ಹೋದದ್ದು ಹೋಯಿತು, ಮುಂದಿನ ರೂಪಾಯಿಗೆ ಮುಂದಿನ ಫಲವನ್ನು ಮಾತ್ರ ತೂಗಬೇಕು.

ನಾವು ಆ ಹುಡುಗನೊಡನೆ ನೆಲಮಾಳಿಗೆಗೆ ಹೋದೆವು. ಮಾಲೀಕರು ಸಜ್ಜನರು, ನೋಡಲು ಅಡ್ಡಿಮಾಡಲಿಲ್ಲ. ಎಂಜಿನ್ನು ಕೈಗೆ ತಿರುಗಿತು. ಹುಡುಗನ ಮುಖ ಅರಳಿತು. ಅನಂತರ ಅವನೇ ಚಾಲಕನ ಆಸನದ ಹಿಂದಿನ ನೆಲಹಾಸನ್ನು ಎತ್ತಿ ಕೈಯಿಟ್ಟನು, ಅಂಗೈ ಒದ್ದೆಯಾಯಿತು. ಬಾಗಿಲಿನ ಕೆಳಗೆ ತಿರುಪುಳಿಯಿಂದ ಮೆಲ್ಲಗೆ ತಟ್ಟಿದಾಗ ಕಂದು ಹಕ್ಕಳೆಗಳು ಉದುರಿದವು. ಅವನು ಏನೂ ಹೇಳದೆ ಹೊದಿಕೆಯನ್ನು ಮತ್ತೆ ಸರಿಯಾಗಿ ಹೊದಿಸಿದನು.

ಅಜ್ಜಿಯ ಠೇವಣಿ ಬ್ಯಾಂಕಿನಲ್ಲಿಯೇ ಇದೆ. ಹುಡುಗನು ಗೆಳೆಯರಿಬ್ಬರೊಡನೆ ಸೇರಿ ಕೆಟ್ಟ ಹಳೆಯ ಸ್ಕೂಟರೊಂದನ್ನು ಕೊಂಡಿದ್ದಾನೆ. ಅದರ ಎಂಜಿನ್ನು ಈಗ ಅವರ ಜಗುಲಿಯ ಮೇಲೆ ಹಳೆಯ ಪತ್ರಿಕೆಗಳ ಮೇಲೆ ಬಿಚ್ಚಿ ಹರಡಿದೆ. ಇಂತಹ ಆಸೆಯುಳ್ಳ ನಮ್ಮ ಓದುಗರು ಮೊದಲು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋಗಿ ಎಂಜಿನ್ನುಗಳನ್ನು ನೋಡಲಿ. ಬಳಿಕ ಸರಳವಾದ ಒಂದು ಯಂತ್ರವನ್ನು ಬಿಚ್ಚಿ ಜೋಡಿಸಲಿ. ಅದು ನಡೆದ ದಿನ ದೊಡ್ಡ ಕಾರಿನ ವಿಚಾರವನ್ನು ಮತ್ತೆ ಎತ್ತಬಹುದು. ಆಗ ಅವರು ಮಾರುವವರ ಮಾತನ್ನು ನಂಬಬೇಕಾಗಿಲ್ಲ. ತಮ್ಮ ಕೈಗಳನ್ನೇ ಕೇಳಬಲ್ಲರು.