ಹಾರದ ಮಿಡತೆ, ಹಾರುವ ಹೇನು

ರಾಯಬಾಗ, ಅಥಣಿ ಸೀಮೆಯಲ್ಲಿ ಈಗ ಕಣ್ಣು ಹಾಯಿಸಿದಲ್ಲೆಲ್ಲ ಕಬ್ಬು. ಕಾಲುವೆ, ಪಂಪ್‌ಸೆಟ್ ಬರುವ ಮೊದಲು ಹೊಟ್ಟೆ ಹೊರೆದದ್ದು ಜೋಳ. ದಖನ್ನಿನ ಆ ಜೋಳಕ್ಕೆ ಬೀಳುವ ಒಂದು ಮಿಡತೆಗೆ ವಿಜ್ಞಾನಿಗಳು ಇಟ್ಟ ಹೆಸರು ಕೋಲ್ಮೇನಿಯಾ. 1910ರಲ್ಲಿ ಹೆಸರಿಟ್ಟವರು ಸ್ಪೇನಿನ ಇಗ್ನಾಸಿಯೊ ಬೊಲಿವರ್. ಹೆಸರು ಸಂದದ್ದು ಕೆನಡಾದ ಲೆಸ್ಲಿ ಕೋಲ್ಮನ್ ಅವರಿಗೆ.

ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ತಂದವರೆಂದು ಮಲೆನಾಡು ಅವರನ್ನು ನೆನೆಯುತ್ತದೆ. ನಮ್ಮ ಬಯಲುಸೀಮೆಯವರಿಗೆ ಹೆಚ್ಚು ಸಲ್ಲಬೇಕಾದದ್ದು ಮಾತ್ರ ಈ ಮಿಡತೆಯ ಅಧ್ಯಯನ.

ಇದು ಹಾರಲಾರದು, ಹೆಸರಿಗಷ್ಟೇ ರೆಕ್ಕೆ. ಮಳೆಗಾಲ ಮುಗಿಯುವಾಗ ಹೆಣ್ಣು ಮಣ್ಣೊಳಗೆ ತತ್ತಿ ಇಡುತ್ತದೆ. ತತ್ತಿ ಬೇಸಿಗೆಯನ್ನೆಲ್ಲ ನೆಲದಲ್ಲೇ ಕಳೆದು, ಮುಂಗಾರು ಬಿದ್ದಾಗ ಒಡೆಯುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ. ಇಷ್ಟು ಗೊತ್ತಾದರೆ ಉಪಾಯವೂ ಗೊತ್ತಾದಂತೆ: ಸುಗ್ಗಿಯ ನಂತರ ಆಳವಾಗಿ ಉತ್ತರೆ ತತ್ತಿ ಬಿಸಿಲಿಗೆ ಬಿದ್ದು ಒಣಗುತ್ತದೆ, ಹಕ್ಕಿಯ ಪಾಲೂ ಆಗುತ್ತದೆ. ದೂರದಿಂದ ಹಾರಿ ಬರುವ ಮಿಡತೆ ದಂಡಿಗೆ ಈ ಮಾತು ಹೊಂದದು. ಹಾರಲಾರದ ಹುಳಕ್ಕಾದರೆ, ಊರವರೆಲ್ಲ ಒಟ್ಟಾಗಿ ಉತ್ತ ಹೊಲಗಳಲ್ಲಿ ಮರುವರ್ಷ ಕಾಟ ತಗ್ಗಲೇಬೇಕು. ಒಬ್ಬರು ಉತ್ತು ಪಕ್ಕದವರು ಬಿಟ್ಟರೆ ಬದುವಿನಿಂದ ಮತ್ತೆ ಕುಪ್ಪಳಿಸಿ ಬರುತ್ತದೆ, ಅಷ್ಟೇ.

ಜೋಳ ಹೋಗಿ ಕಬ್ಬು ಬಂತು, ಹುಳವೂ ಬದಲಾಯಿತು. 2002ರಲ್ಲಿ ಸಾಂಗಲಿ ಕಡೆ ಕಾಣಿಸಿದ ಬಿಳಿ ಉಣ್ಣೆ ಹೇನು ಬೆಳಗಾವಿ ಜಿಲ್ಲೆಯ ಕಬ್ಬಿಗೂ ಹಬ್ಬಿತು. ಎಲೆಯ ಅಡಿ ಹತ್ತಿಯಂತೆ ಕೂತು ರಸ ಹೀರುವ ಇದು ಅಂಟುದ್ರವ ಸುರಿಸುತ್ತದೆ, ಕೆಳಗಿನ ಎಲೆಗಳಿಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ಇದರಲ್ಲಿ ರೆಕ್ಕೆಯವೂ ಇವೆ, ಗಾಳಿ ಸಿಕ್ಕರೆ ಮುಂದಿನ ಊರು ಸೇರುತ್ತವೆ. ಉಳುಮೆ ಇಲ್ಲಿ ಕೆಲಸಕ್ಕೆ ಬಾರದು. ಆಳೆತ್ತರದ ಕಬ್ಬಿನೊಳಗೆ ಔಷಧಿ ಹೊಡೆಯುವುದೂ ಪಡಿಪಾಟಲೇ.

ಕೊನೆಗೆ ನೆರವಾದದ್ದು ಹೇನು ತಿನ್ನುವ ಹುಳಗಳು: ಡೈಫಾ ಎಂಬ ಪತಂಗದ ಮರಿ, ಮೈಕ್ರೋಮಸ್ ಎಂಬ ಕೀಟ. ಡೈಫಾ ಇದ್ದ ಎಲೆಗಳನ್ನು ಕೊಯ್ದು ಹೇನು ಬಿದ್ದ ಗದ್ದೆಗೆ ಒಯ್ದು ಬಿಡಲಾಯಿತು. ಔಷಧಿ ಅಂಗಡಿಗೆ ಓಡುವ ಮೊದಲು ಎಲೆ ಮಗುಚಿ ನೋಡಿ. ಹೇನಿನ ನಡುವೆ ನೂಲಿನ ಬಲೆ, ಅದರೊಳಗೆ ಮರಿಹುಳ ಕಂಡರೆ ಅದು ಡೈಫಾ ಇರಬಹುದು. ಅಂಥ ಗದ್ದೆಗೆ ಔಷಧಿ ಹೊಡೆದರೆ ಅದೂ ಸಾಯುತ್ತದೆ.